ಕರೆಂಟ್ ಹೋದರೂ ಫೋನ್ ಉಳಿಯಲಿ

ಮಾನ್ಯರೇ,
ಮಳೆಗಾಲದಲ್ಲಿ ಕರೆಂಟ್ ಹೋದರೆ ಶಿರಸಿ, ಸಿದ್ದಾಪುರದ ಎಷ್ಟೋ ಹಳ್ಳಿಗಳಲ್ಲಿ ಫೋನೂ ಸ್ತಬ್ಧವಾಗುತ್ತದೆ. ಕಾರವಾರ, ಮುಂಬೈಗಳಲ್ಲಿರುವ ಹಳೆಯ ಗೆಳೆಯರೊಂದಿಗೆ ಮಂಡಿನೋವು, ಅಡಿಕೆಯ ಕೊಳೆರೋಗ, ಮೊಮ್ಮಕ್ಕಳ ಸುದ್ದಿ ಹಂಚಿಕೊಳ್ಳುವ ಹಿರಿಯರಿಗೆ ಬೇಸರ ಹೆಚ್ಚುವ ಕಾಲವೂ ಅದೇ. ತಾಮ್ರದ ತಂತಿಯ ಸ್ಥಿರ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆ ಕತ್ತಲಾದರೂ ಫೋನ್ ರಿಂಗಾಗುತ್ತಿತ್ತು (ಮರ ಬಿದ್ದು ತಂತಿ ತುಂಡಾದರೆ ಮಾತು ಬೇರೆ). ಈಗ ಅದರ ಜಾಗಕ್ಕೆ ಬರುತ್ತಿರುವ ಫೈಬರ್ (ಬೆಳಕಿನ ಮೂಲಕ ಸಂಕೇತ ಸಾಗಿಸುವ ಗಾಜಿನ ಎಳೆ) ವಿದ್ಯುತ್ ಒಯ್ಯದು. ಮೋಡೆಮ್ ಆರಿದರೆ ಸಂಪರ್ಕವೂ ಹೋಯಿತು. ಟವರಿನ ಬ್ಯಾಟರಿ ಸೊರಗಿ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಮೊಬೈಲಿನ ಪಾಡೂ ಅಷ್ಟೇ.

ದೂರಸಂಪರ್ಕ ಸಂಸ್ಥೆಗಳು ಮೇ ತಿಂಗಳಲ್ಲೇ ಟವರ್ ಬ್ಯಾಟರಿಗಳನ್ನು ಪರೀಕ್ಷಿಸಿ ಡೀಸೆಲ್ ದಾಸ್ತಾನು ಮಾಡಲಿ. ಫೈಬರ್ ಸಂಪರ್ಕದ ಜೊತೆಗೇ ಮೋಡೆಮ್‌ಗೆ ಪುಟ್ಟ ಯುಪಿಎಸ್ ಕೊಡಲಿ. ಹೆಚ್ಚಿನವಕ್ಕೆ 12 ವೋಲ್ಟಿನದು ಹೊಂದುತ್ತದೆ, ಆದರೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಯೇ ಜೋಡಿಸಬೇಕು.

– ಓದುಗ, ಶಿರಸಿ