ಹಳೆಯ ಕೆಲಸದ ಬಗ್ಗೆ ಕೇಳಿದ ಡಾಕ್ಟರಿಗೆ

ನಿನ್ನೆ ಅಪ್ಪನ ಆರನೆಯ ಕೀಮೋ ಮುಗಿಯಿತು. ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆದಿಲ್ಲ, ಎದೆಯಲ್ಲಿ ಮತ್ತೆ ನೀರು ತುಂಬಿಲ್ಲ. ಕಾಯಿಲೆ ಹೋಗಿಲ್ಲ, ಅದು ಮನೆಯವರಿಗೆಲ್ಲ ಗೊತ್ತು. ಆದರೂ ಅಪ್ಪ ನಡುವೆ ನಿಲ್ಲದೆ ಮೆಟ್ಟಿಲು ಹತ್ತುತ್ತಿದ್ದಾರೆ. ಇಲ್ಲಿವರೆಗೆ ತಂದವರಿಗೆ ಇವತ್ತಾದರೂ ಕೈಮುಗಿಯಬೇಕು ಅನ್ನಿಸಿತು.

ಶುರುವಾಗಿದ್ದು ಏದುಸಿರಿನಿಂದ. ಜೊತೆಗೆ ಬಲಪಕ್ಕೆಯಲ್ಲಿ ಬಿಡದ ನೋವು, ಕಾರಣವಿಲ್ಲದೆ ಇಳಿಯುತ್ತಿದ್ದ ತೂಕ. ವಯಸ್ಸು ಎಂದರು, ನ್ಯುಮೋನಿಯಾ ಎಂದರು, ಆಮೇಲೆ ಟಿಬಿ ಇರಬಹುದು ಎಂದು ಮಾತ್ರೆ ಕೊಟ್ಟರು. ಎರಡು ಸಲ ಎದೆಯಿಂದ ನೀರು ತೆಗೆದರು. ಎರಡೂ ಸಲ ಅದರಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ. ನಾವು ನೆಮ್ಮದಿಯ ಉಸಿರು ಬಿಟ್ಟೆವು. ನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲವೆಂದು ಹೇಳಲಾಗದು ಎಂಬುದು ನಮಗೆ ತಿಳಿದಿರಲಿಲ್ಲ.

ಮೂರನೆಯ ಸಲ ನೀರು ತುಂಬಿದಾಗ ನೋಡಿದವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರು. ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕ ಕೂತರು. "ಈಗಿನದು ಬಿಡಿ. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಬಾಯ್ಲರ್ ಪೈಪುಗಳಿಗೆ ಹೊದಿಕೆ ಸುತ್ತುತ್ತಿದ್ದೆ."

"ಧೂಳು ಏಳ್ತಿತ್ತಾ?"

"ಎದುರಿಗಿದ್ದವನ ಮುಖ ಕಾಣ್ತಿರಲಿಲ್ಲ ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟರು. ಆ ಹೊದಿಕೆ ಕಲ್ನಾರು, ಆಸ್ಬೆಸ್ಟಾಸ್. ಅದರ ಸೂಜಿಯಂಥ ಎಳೆ ಉಸಿರಿನೊಂದಿಗೆ ಒಳಹೊಕ್ಕು, ಶ್ವಾಸಕೋಶವನ್ನು ಸುತ್ತಿದ ತೆಳು ಪೊರೆಯವರೆಗೂ ಹೋಗಿ ಅಲ್ಲೇ ಉಳಿಯುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳಲು ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಆ ಕೆಲಸ ಮಾಡಿದವರಿಗೇ ಅದು ಮರೆತಿರುತ್ತದೆ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವಿವರ ಪ್ರಕಟಿಸಿ, ಮೆಸೊಥೆಲಿಯೋಮಾ ಎಂಬ ಈ ಪೊರೆಯ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟನ್ನು ತೋರಿಸಿದ್ದೂ ಹೀಗೆಯೇ, ಎಲ್ಲಿ ಬದುಕಿದ್ದಿರಿ, ಏನು ಕೆಲಸ ಮಾಡಿದ್ದಿರಿ ಎಂಬುದನ್ನು ಕೆದಕಿ. ಗಣಿಗೆ ಇಳಿಯದೆ, ಬರೀ ಗಣಿಯ ಹತ್ತಿರ ಬೆಳೆದ ಮಂದಿಯೂ ಆ ರೋಗಿಗಳಲ್ಲಿದ್ದರು.

ಸಿಟಿ ಸ್ಕ್ಯಾನಿನಲ್ಲಿ ಪೊರೆ ಗಂಟುಗಂಟಾಗಿ ದಪ್ಪವಾಗಿ, ಸಿಪ್ಪೆಯ ಹಾಗೆ ಶ್ವಾಸಕೋಶವನ್ನು ಸುತ್ತಿತ್ತು. ಪಕ್ಕೆಲುಬಿನ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿ ತುಣುಕುಗಳನ್ನು ತೆಗೆದರು. ಅಪ್ಪನ ಕೈ ಹಿಡಿದು "ನಿಧಾನ ಉಸಿರಾಡಿ, ನಾನಿಲ್ಲೇ ಇದ್ದೀನಿ" ಎನ್ನುತ್ತಿದ್ದ ಸಿಸ್ಟರ್ ಅವರ ಋಣ ನಮ್ಮ ಮೇಲಿದೆ.

ಆ ತುಣುಕುಗಳನ್ನು ಪರೀಕ್ಷಿಸಿದ, ನಾವು ಮುಖವನ್ನೇ ನೋಡದ ಪ್ಯಾಥಾಲಜಿಸ್ಟ್ ಒಬ್ಬರಿದ್ದಾರೆ. ವರದಿ ತಡವಾದಾಗ ನಾನು ಫೋನು ಮಾಡಿ ಜೋರು ಮಾಡಿದ್ದೆ, ಕ್ಷಮೆ ಇರಲಿ. ಅವರು ಸುಮ್ಮನೆ ಕಾಯಿಸಿರಲಿಲ್ಲ. ಕೆರಳಿದ ಪೊರೆಯ ಕಣಗಳೂ ಈ ಕ್ಯಾನ್ಸರಿನ ಕಣಗಳೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣಬಹುದು. ಶ್ವಾಸಕೋಶದ ಕ್ಯಾನ್ಸರ್ ಪೊರೆಗೆ ಹಬ್ಬಿದರೂ ಹಾಗೆಯೇ ಕಾಣಬಹುದು. ಅದಕ್ಕೇ ಒಂದರ ಮೇಲೊಂದು ಬಣ್ಣದ ಪರೀಕ್ಷೆ: ಕ್ಯಾಲ್‌ರೆಟಿನಿನ್, ಡಬ್ಲ್ಯೂಟಿ-1 ಎಂಬ ಪೊರೆಯ ಕಣದ ಗುರುತುಗಳು ಬಂದವು, ಶ್ವಾಸಕೋಶದ ಕ್ಯಾನ್ಸರಿನ ಗುರುತಾದ ಟಿಟಿಎಫ್-1 ಬರಲಿಲ್ಲ, ಬರೀ ಕೆರಳಿದ ಕಣಗಳಲ್ಲಿ ಉಳಿಯುವ ಬ್ಯಾಪ್-1 ಇರಬೇಕಾದಲ್ಲಿ ಇರಲಿಲ್ಲ. ಮೆಸೊಥೆಲಿಯೋಮಾ, ಎಪಿಥೆಲಿಯಾಯ್ಡ್ ವಿಧ. ಚಿಕಿತ್ಸೆಗೆ ಸ್ವಲ್ಪ ಹೆಚ್ಚು ಬಗ್ಗುವ ಬಗೆ ಅದು. ಕಹಿ ಸುದ್ದಿಯೇ. ಆದರೆ ಎಂಟು ತಿಂಗಳ ಮೇಲೆ ನಮ್ಮ ಶತ್ರುವಿಗೆ ಒಂದು ಹೆಸರು ಸಿಕ್ಕಿತ್ತು, ಅದಕ್ಕೆ ತಕ್ಕ ಔಷಧಿಯೂ.

ಅಮ್ಮನಿಗೆ ಏನು ಹೇಳಲಿ? ಪೆಮೆಟ್ರೆಕ್ಸೆಡ್ ಎಂಬ ಕೀಮೋ ಔಷಧಿಯ ಜೊತೆ ತಪ್ಪದೆ ತೆಗೆದುಕೊಳ್ಳಬೇಕಾದ ಫೋಲಿಕ್ ಆಸಿಡ್ ಮಾತ್ರೆಯನ್ನು ಒಂದು ದಿನವೂ ಮರೆಯಲಿಲ್ಲ. "ಆಗ ಮನೆಯಲ್ಲಿ ಇವರ ಬಟ್ಟೆ ಒಗೀತಿದ್ದವರು ಯಾರು?" ಎಂದು ಡಾಕ್ಟರು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಒಗೆಯುವ ಮೊದಲು ಅಮ್ಮ ಅದನ್ನು ಕೊಡವುತ್ತಿದ್ದರು. ಅವರ ಎಕ್ಸ್-ರೇಯಲ್ಲಿ ಸದ್ಯ ಏನೂ ಇಲ್ಲ. ಕೇಳದೆ ಬಿಡಬಹುದಾಗಿದ್ದ ಆ ಪ್ರಶ್ನೆಯನ್ನೂ ಕೇಳಿದಿರಿ ಡಾಕ್ಟ್ರೇ, ನಿಮಗೆ ಎರಡು ಸಲ ನಮಸ್ಕಾರ.

ಅಪ್ಪ ಈಗ ಹಳೆಯ ಸಂಗಾತಿಗಳನ್ನು ಹುಡುಕುತ್ತಿದ್ದಾರೆ. ಹನ್ನೊಂದು ಮಂದಿಯಲ್ಲಿ ಆರು ಜನ ಸಿಕ್ಕಿದ್ದಾರೆ. ಎಲ್ಲರಿಗೂ ಒಂದೇ ಮಾತು: ಏದುಸಿರು ಬಂದರೆ, ಯಾವ ಇಸವಿಯಲ್ಲಿ ಏನು ಸುತ್ತುತ್ತಿದ್ದೆವು ಎಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಒಬ್ಬರು ಹೋದ ವಾರವೇ ಚೀಟಿ ಹಿಡಿದು ಹೋಗಿಬಂದರಂತೆ. ಉಳಿದ ಐವರ ನಂಬರಿಗಾಗಿ ಅಪ್ಪ ಬೆಳಿಗ್ಗೆಯಿಂದ ಫೋನಿನಲ್ಲಿದ್ದಾರೆ.