ಕಾರ್ನಾಡರ ನಟನೆಯನ್ನೂ ನೆನೆಯೋಣ

ಮಾನ್ಯರೇ,

ಗಿರೀಶ ಕಾರ್ನಾಡರು ತೀರಿಕೊಂಡ ದಿನವಾದ ಜೂನ್ 10 ಬಂದರೆ ನಮ್ಮ ಧಾರವಾಡದಲ್ಲಿ ಅವರ ನಾಟಕಗಳ ಮಾತೇ ಜಾಸ್ತಿ. ಅವರ ನಟನೆ ಮರೆತೇ ಹೋಗುತ್ತದೆ. 1970ರ ‘ಸಂಸ್ಕಾರ’ ಸಿನಿಮಾದಲ್ಲಿ ಪ್ರಾಣೇಶಾಚಾರ್ಯರಾಗಿದ್ದು ಅವರೇ ಅಲ್ವಾ? ಹೆಣ ಮನೆಯಲ್ಲಿದೆ, ಅಗ್ರಹಾರವೆಲ್ಲ ಉಪವಾಸ, ಅದರ ಸಂಸ್ಕಾರ ಯಾರು ಮಾಡಬೇಕು ಎಂಬುದಕ್ಕೆ ಆಚಾರ್ಯರಿಗೆ ಉತ್ತರ ಸಿಗುತ್ತಿಲ್ಲ. ಆ ತಳಮಳವನ್ನು ಕಣ್ಣಲ್ಲೇ ತೋರಿಸಿದರು. ಹಿಂದಿ ಸಿನಿಮಾ ‘ಮಂಥನ್’ನ ದನದ ಡಾಕ್ಟರ್ ಕೂಡ ಅವರೇ. ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಅಪ್ಪನನ್ನು ನಾವು ನೋಡಿದ್ದು ಓಣಿಯ ಒಂದೇ ಟಿವಿ ಮುಂದೆ, ಚಾಪೆ ಹಾಸಿಕೊಂಡು. ಅಪ್ಪ ಗದರಿದರೆ ನಾವೂ ನೆಟ್ಟಗೆ ಕೂರುತ್ತಿದ್ದೆವು! ಅವರು ಓದಿದ ಕರ್ನಾಟಕ ಕಾಲೇಜಿನ ಆವರಣದಲ್ಲೇ ಸೃಜನಾ ರಂಗಮಂದಿರವಿದೆ. ವರ್ಷಕ್ಕೊಮ್ಮೆ ಅಲ್ಲಿ ಈ ಸಿನಿಮಾಗಳನ್ನು ತೋರಿಸಲಿ. ಕಾಲೇಜು ಹುಡುಗರಿಗೆ ಟಿಕೆಟ್ ಬೇಡ.

– ಒಬ್ಬ ಓದುಗ, ಧಾರವಾಡ