ಮಗಳಿಗೊಂದು ಪತ್ರ: ಅಂಗಿಯ ಗುಂಡಿಯಿಂದ ಶುರು ಮಾಡು

ಧಾರವಾಡ

ಚಿ. ಮಗಳಿಗೆ ಅವ್ವನ ಆಶೀರ್ವಾದ.

ಪಿಯುಸಿ ಮುಗಿಸಿ, ಅಂಗವೈಕಲ್ಯವಿರುವ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಣ ಓದುತ್ತೇನೆ ಅಂದಿದ್ದೀ. ಆ ಮಕ್ಕಳನ್ನು ಕಂಡರೆ ಕರುಳು ಚುರ್‍ ಅನ್ನುತ್ತದೆ ಅಂತಲೂ ಬರೆದಿದ್ದೀ. ಆ ಕರುಳು ಇರಲಿ, ಬೇಕು. ಕೆಲಸಕ್ಕೆ ಇಳಿದ ಮೇಲೆ ಮಾತ್ರ ನಿನ್ನನ್ನು ಕಾಯುವುದು ಸಣ್ಣದನ್ನು ಗಮನಿಸುವ ಕಣ್ಣು, ದಿನಾ ಬರೆದಿಡುವ ಲೆಕ್ಕ.

ಬೌದ್ಧಿಕ ಅಸಾಮರ್ಥ್ಯವಿರುವ ಮಗುವಿಗೆ ಅಂಗಿಯ ಗುಂಡಿ ಹಾಕಲು ಕಲಿಸಬೇಕು ಅಂದುಕೋ. ನಮಗೆ ಅದು ಒಂದೇ ಕೆಲಸ, ಆ ಮಗುವಿಗೆ ಐದು: ಗುಂಡಿ ಹಿಡಿಯಬೇಕು, ಕಾಜ ಹುಡುಕಬೇಕು, ಗುಂಡಿಯ ಅಂಚನ್ನು ಕಾಜದೊಳಗೆ ತೂರಿಸಬೇಕು, ಆಚೆ ಬಂದದ್ದನ್ನು ಇನ್ನೊಂದು ಕೈಯಲ್ಲಿ ಹಿಡಿಯಬೇಕು, ಎಳೆಯಬೇಕು. ಮೊದಲ ನಾಲ್ಕನ್ನು ನೀನು ಮಾಡಿ, ಕೊನೆಯ ಎಳೆತವನ್ನಷ್ಟೇ ಮಗುವಿಗೆ ಬಿಡು. ಪ್ರತಿ ಸಲ ಕೆಲಸ ಮುಗಿಸಿದ ಖುಷಿ ಅದಕ್ಕೇ ಸಿಗುತ್ತದೆ. ಅದು ಗಟ್ಟಿಯಾದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಮೊದಲಿಗೆ ದೊಡ್ಡ ಗುಂಡಿ, ದಪ್ಪ ಬಟ್ಟೆ ಇರಲಿ.

ಇಲ್ಲಿ ಹೆಚ್ಚಿನವರು ಎಡವುವುದು ತಮ್ಮ ಕೈಯನ್ನು ಹಿಂದೆ ತೆಗೆದುಕೊಳ್ಳದೆ. ಮಗುವಿನ ಕೈ ಹಿಡಿದು ಮಾಡಿಸುತ್ತಲೇ ಇದ್ದರೆ ಅದು ನಿನ್ನ ಕೈಗಾಗಿ ಕಾಯುವುದನ್ನು ಕಲಿಯುತ್ತದೆ, ಗುಂಡಿ ಹಾಕುವುದನ್ನಲ್ಲ. ಬೆರಳು ಹಿಡಿದದ್ದು ಮೊಣಕೈ ಮುಟ್ಟುವಷ್ಟಕ್ಕೆ ಇಳಿಯಬೇಕು, ಆಮೇಲೆ ಬರೀ ಸನ್ನೆ, ಆಮೇಲೆ ಅದೂ ಇಲ್ಲ. ಪ್ರತಿ ಮಗುವಿಗೂ ಬೇರೆಬೇರೆಯಾಗಿ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಸುಧಾರಣೆ ಆಗಬೇಕು’ ಅಂತ ಬರೆದರೆ ಅದು ಗುರಿಯೇ ಅಲ್ಲ. ‘ಮೂರು ತಿಂಗಳಲ್ಲಿ, 5 ಸಲದಲ್ಲಿ 4 ಸಲ, ಯಾರ ಸಹಾಯವೂ ಇಲ್ಲದೆ’ ಅಂತ ಬರೆ.

ದೃಷ್ಟಿದೋಷದ ವಿಭಾಗ ಆರಿಸಿಕೊಂಡರೆ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಬರಬೇಕು. ಒಂದು ಅಕ್ಷರದ ಮನೆಗೆ ಆರು ಚುಕ್ಕಿ: ಓದುವಾಗ ಎಡಸಾಲಿನಲ್ಲಿ ಮೇಲಿಂದ ಕೆಳಗೆ 1, 2, 3, ಬಲಸಾಲಿನಲ್ಲಿ 4, 5, 6. ಸ್ಲೇಟು ಅನ್ನುವ ಮನೆಮನೆಯ ಚೌಕಟ್ಟಿನಲ್ಲಿ ಕಾಗದ ಇಟ್ಟು, ಸ್ಟೈಲಸ್ ಅನ್ನುವ ಮೊನೆಕಡ್ಡಿಯಿಂದ ಒತ್ತುವಾಗ ಬಲದಿಂದ ಎಡಕ್ಕೆ ಬರೆಯುತ್ತೇವೆ, ಕಾಗದ ತಿರುವಿ ಎಡದಿಂದ ಬಲಕ್ಕೆ ಓದುತ್ತೇವೆ. ‘ಹ’ಕ್ಕೆ 1, 2, 5ನೇ ಚುಕ್ಕಿ. ಹೊಸಬರು ಬರೆಯುವಾಗಲೂ ಎಡಗಡೆಯಿಂದಲೇ ಎಣಿಸುತ್ತಾರೆ. ತಿರುವಿದಾಗ ಅದು 2, 4, 5 ಆಗಿ ‘ಜ’ ಎಂದು ಬೆರಳಿಗೆ ತಾಗುತ್ತದೆ. ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಮ್ಮೆ ಹೋಗಿ ಬಾ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರೇ. ಕಿವಿ ಮತ್ತು ಬೆರಳಿನಿಂದ ವಿದ್ಯೆ ಎಷ್ಟು ದೂರ ಹೋಗಬಲ್ಲದು ಅನ್ನುವುದು ಅಲ್ಲಿ ತಿಳಿಯುತ್ತದೆ.

ಇನ್ನು ಕೋರ್ಸು. ಪಿಯುಸಿ ಮೇಲೆ ಎರಡು ವರ್ಷದ ವಿಶೇಷ ಡಿ.ಇಡಿ ಇದೆ. ಡಿಗ್ರಿ ಮೇಲೆ ಎರಡು ವರ್ಷದ ವಿಶೇಷ ಬಿ.ಇಡಿ ಇತ್ತು, ಈಗ ನಿಯಮ ಡಿಗ್ರಿ, ಬಿ.ಇಡಿ ಎರಡೂ ಸೇರಿದ ನಾಲ್ಕು ವರ್ಷದ ಸಮಗ್ರ ಕೋರ್ಸಿನ ಕಡೆ ಹೊರಳುತ್ತಿದೆ. ಅದಕ್ಕೇ ಫೀ ಕಟ್ಟುವ ಮೊದಲು ಆ ಕಾಲೇಜು, ಆ ವಿಭಾಗ, ಆ ವರ್ಷ, ಮೂರಕ್ಕೂ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಇದೆಯೇ ಅಂತ ಅದರ ಪಟ್ಟಿಯಲ್ಲಿ ನೀನೇ ನೋಡು. ಕಾಲೇಜಿನವರ ಬಾಯಿಮಾತು ಸಾಲದು. ಮಾನ್ಯತೆ ಇಲ್ಲದ ಕೋರ್ಸಿಗೆ ಸಿಆರ್‌ಆರ್ ಅನ್ನುವ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ನೋಂದಣಿ ಸಿಗುವುದಿಲ್ಲ. ಆ ನಂಬರ್ ಇಲ್ಲದೆ ವಿಶೇಷ ಶಿಕ್ಷಕಿಯಾಗಿ ಕೆಲಸ ಮಾಡುವುದು ಈ ಪರಿಷತ್ತಿನ 1992ರ ಕಾಯ್ದೆಯ ಪ್ರಕಾರ ಅಪರಾಧ.

ಕೆಲಸದ ಮಾತು ಮುಚ್ಚಿಡುವುದಿಲ್ಲ. ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಲ್ಲಿ ಸಂಬಳ ಕಡಿಮೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಊರೂರು ತಿರುಗಬೇಕು, ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸಬೇಕು. ಸಿಬಿಎಸ್‌ಇ ಶಾಲೆಗಳು ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಲೇಬೇಕು. ಮಕ್ಕಳ ತೊಂದರೆಯನ್ನು ಬೇಗ ಗುರುತಿಸುವ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಗಳಲ್ಲೂ ಹುದ್ದೆ ಇವೆ. ಪ್ರಾಥಮಿಕದಲ್ಲಿ ಅಂಗವೈಕಲ್ಯವಿರುವ 10 ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೊಬ್ಬರು ವಿಶೇಷ ಶಿಕ್ಷಕರು ಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಗುತ್ತಿಗೆಯಲ್ಲೇ ವರ್ಷಗಟ್ಟಲೆ ದುಡಿಸುವುದು ಇನ್ನೂ ನಿಂತಿಲ್ಲ, ಅದು ನನಗೆ ನೋವಿನ ವಿಷಯ. ಮಾತು ಕಲಿಸುವ ಸ್ಪೀಚ್ ಥೆರಪಿ ಮಾತ್ರ ಬೇರೆಯೇ ಕೋರ್ಸು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅದೂ ಇದೆ, ವಿಶೇಷ ಶಿಕ್ಷಣವೂ ಇದೆ.

ಅರ್ಜಿ ಹಾಕುವ ಮೊದಲು ಹುಬ್ಬಳ್ಳಿಯ ಯಾವುದಾದರೂ ವಿಶೇಷ ಶಾಲೆಯಲ್ಲಿ ಒಂದು ವಾರ, ಮಕ್ಕಳು ಊಟಕ್ಕೆ ಕೂರುವ ಹೊತ್ತಿಗೆ ಹೋಗಿ ಕೂತಿರು. ಯಾವ ವಿಭಾಗ ನಿನಗೆ ಒಗ್ಗುತ್ತದೆ ಅಂತ ಆಮೇಲೆ ಮಾತಾಡೋಣ. ರಜೆಗೆ ಬರುವಷ್ಟರಲ್ಲಿ ಒಂದು ಸ್ಲೇಟು, ಸ್ಟೈಲಸ್ ತಂದಿಟ್ಟಿರುತ್ತೇನೆ.

ನಿನ್ನ ಅವ್ವ